ಕುಂಗ್ ಫೂ ಚಿತ್ರದಲ್ಲಿ ಕಾಲು ಕಾಣಬೇಕು

ಮಾನ್ಯ ಸಂಪಾದಕರೆ,

ಹಳೆಯ ಕುಂಗ್ ಫೂ ಚಿತ್ರಗಳ ಬಗ್ಗೆ ಸಿನಿಮಾ ಪುಟಗಳಲ್ಲಿ ಬರುವ ಬರಹಗಳು ಹೆಚ್ಚಾಗಿ ಎರಡು ಬಗೆಯವು. ಒಂದು ಬ್ರೂಸ್ ಲೀ ಗುಣಗಾನ. ಇನ್ನೊಂದು, ಕಥೆಯೇ ಇಲ್ಲ, ಬರೀ ಸೇಡು, ತುಟಿಗೂ ಮಾತಿಗೂ ಹೊಂದಿಕೆಯಿಲ್ಲ ಎಂಬ ದೂರು. ಹೊಡೆದಾಟ ಹೇಗಿದೆ ಎಂಬುದರ ಬಗ್ಗೆ ಮಾತ್ರ ಎರಡರಲ್ಲೂ ಒಂದು ಸಾಲೂ ಇರುವುದಿಲ್ಲ. ಸಂಗೀತ ಕಛೇರಿಯ ವಿಮರ್ಶೆಯಲ್ಲಿ ಗಾಯಕರ ಶಾಲಿನ ಬಣ್ಣ ಬರೆದು ರಾಗದ ಹೆಸರನ್ನೇ ಬಿಟ್ಟ ಹಾಗೆ ಇದು. ಹಾಂಗ್‌ಕಾಂಗ್‌ನ ಈ ಚಿತ್ರಗಳಲ್ಲಿ ಕಥೆ ಇರುವುದೇ ಹೊಡೆದಾಟದ ಒಳಗೆ. ಯಾರು ಯಾವ ನಿಲುವಿನಲ್ಲಿ ನಿಂತರು, ಯಾರ ಹೆಜ್ಜೆ ಮೊದಲು ಕದಲಿತು, ಯಾರು ನಡುವೆ ವರಸೆ ಬದಲಿಸಿದರು ಎಂದು ಗಮನಿಸುತ್ತ ಹೋದರೆ ಅದೇ ಚಿತ್ರ ಬೇರೆಯಾಗಿ ಕಾಣುತ್ತದೆ. ಹಾಗೆ ನೋಡುವುದು ಹೇಗೆ, ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಲು ಈ ಪತ್ರ.

ಮೊದಲ ಮಾತು ಕಾಲಿನದು. ದಕ್ಷಿಣ ಚೀನಾದ ಹುಂಗ್ ಗಾರ್ ಪದ್ಧತಿಯಲ್ಲಿ ಎಲ್ಲ ಶುರುವಾಗುವುದು ಕುದುರೆ ನಿಲುವಿನಿಂದ: ಪಾದಗಳು ಭುಜಕ್ಕಿಂತ ಸಾಕಷ್ಟು ಅಗಲ, ಮಂಡಿ ಬಾಗಿ, ತೊಡೆ ನೆಲಕ್ಕೆ ಹೆಚ್ಚುಕಡಿಮೆ ಸಮನಾಗಿ, ಮೈಭಾರ ಎರಡೂ ಕಾಲಿನ ಮೇಲೆ ಸಮ. ಅಲ್ಲಿಂದ ಬಿಲ್ಲಿನ ನಿಲುವಿಗೆ ಹೊರಳಿದರೆ ಮುಂದಿನ ಮಂಡಿ ಬಾಗುತ್ತದೆ, ಹಿಂದಿನ ಕಾಲು ನೇರವಾಗುತ್ತದೆ, ಸೊಂಟ ತಿರುಗುತ್ತದೆ. ಗುದ್ದಿನ ಬಲ ಹುಟ್ಟುವುದು ಹಿಂದಿನ ಹಿಮ್ಮಡಿ ನೆಲವನ್ನು ಒತ್ತಿದಾಗ. ಮುಷ್ಟಿ ಅದನ್ನು ಕೊನೆಗೆ ತಲುಪಿಸುತ್ತದೆ ಅಷ್ಟೆ. ಕ್ಯಾಮೆರಾ ಸೊಂಟದಿಂದ ಮೇಲಕ್ಕೆ ಮಾತ್ರ ತೋರಿಸಿದರೆ ನೋಡುವವರಿಗೆ ಸಿಗುವುದು ಕೈ ಬೀಸಾಟ. ದಕ್ಷಿಣದ್ದೇ ಇನ್ನೊಂದು ಪದ್ಧತಿಯಾದ ವಿಂಗ್ ಚುನ್‌ನಲ್ಲಿ ಇದೆಲ್ಲ ಬೇರೆ. ನಿಲುವು ಕಿರಿದು, ಮಂಡಿಗಳು ತುಸು ಒಳಮುಖ, ಮೊಣಕೈಗಳು ಎದೆಯ ನಡುಗೆರೆಯನ್ನು ಕಾಯುತ್ತವೆ, ಏಟು ಹತ್ತಿರದಿಂದ ಬರುತ್ತದೆ. ಉತ್ತರದ ಪದ್ಧತಿಗಳಲ್ಲಿ ಉದ್ದ ಒದೆತ, ನೆಗೆತ, ದೂರದ ಆಟ ಜಾಸ್ತಿ. ಈ ಮೂರನ್ನು ಗುರುತಿಸಲು ಬಂದರೆ ಸಾಕು, ಇಬ್ಬರು ಎದುರಾದ ಕೂಡಲೇ ಯಾರಿಗೆ ಎಷ್ಟು ಅಂತರ ಬೇಕು, ಯಾರು ನುಗ್ಗಬೇಕು, ಯಾರು ದೂರ ಇಡಬೇಕು ಎಂಬುದು ಅಂಗೈ ನೆಲ್ಲಿಯಾಗುತ್ತದೆ. ಅಲ್ಲಿಂದಾಚೆಗೆ ಹೊಡೆದಾಟದಲ್ಲಿ ಕುತೂಹಲ ತಾನಾಗಿ ಹುಟ್ಟುತ್ತದೆ.

ಒಂದು ಗೊಂದಲವನ್ನು ಇಲ್ಲೇ ಬಿಡಿಸಬೇಕು. ಕತ್ತಿ ಹಿಡಿದ ವೀರರು ಛಾವಣಿಯಿಂದ ಛಾವಣಿಗೆ ಹಾರುವ ಚಿತ್ರಗಳು ವೂಷ್ಯಾ ಪ್ರಕಾರಕ್ಕೆ ಸೇರಿದವು. ಬರಿಗೈ ಕಾಳಗ, ತರಬೇತಿ, ಪದ್ಧತಿಗಳ ಪೈಪೋಟಿ ಇರುವುದು ಕುಂಗ್ ಫೂ ಪ್ರಕಾರ. ದಕ್ಷಿಣ ಚೀನಾದಲ್ಲಿ ನಿಜವಾಗಿ ಬಾಳಿದ ಕುಂಗ್ ಫೂ ಗುರು ವಾಂಗ್ ಫೇ-ಹುಂಗ್ ಅವರನ್ನು ನಾಯಕನಾಗಿಸಿ, 1949ರಲ್ಲಿ ಕ್ವಾನ್ ಟಾಕ್-ಹಿಂಗ್ ಅಭಿನಯದಲ್ಲಿ ಶುರುವಾದ ಸರಣಿ ಕುಂಗ್ ಫೂ ಪ್ರಕಾರದ ಬೇರು. ಒಬ್ಬರೇ ನಟ ಆ ಪಾತ್ರವನ್ನು 70ಕ್ಕೂ ಹೆಚ್ಚು ಚಿತ್ರಗಳಲ್ಲಿ ಮಾಡಿದರು. 1960ರ ದಶಕದ ನಡುವೆ ಮ್ಯಾಂಡರಿನ್ ಭಾಷೆಯ ಕತ್ತಿಕಾಳಗದ ಚಿತ್ರಗಳು ಮೇಲೆ ಬಂದವು. 1967ರಲ್ಲಿ ಚಾಂಗ್ ಚೆ ನಿರ್ದೇಶಿಸಿದ 'ದಿ ಒನ್-ಆರ್ಮ್ಡ್ ಸ್ವೋರ್ಡ್ಸ್‌ಮನ್' ಹಾಂಗ್‌ಕಾಂಗ್‌ನಲ್ಲೇ 10 ಲಕ್ಷ ಹಾಂಗ್‌ಕಾಂಗ್ ಡಾಲರ್ ಗಳಿಸಿತು. 1970ರಲ್ಲಿ ಅದೇ ಚಿತ್ರದ ನಾಯಕ ಜಿಮ್ಮಿ ವಾಂಗ್ ಯೂ ತಾನೇ ನಿರ್ದೇಶಿಸಿದ 'ದಿ ಚೈನೀಸ್ ಬಾಕ್ಸರ್' ಬಂದು ಕತ್ತಿಯ ಜಾಗದಲ್ಲಿ ಮುಷ್ಟಿಯನ್ನು ಕೂರಿಸಿತು. ಮರುವರ್ಷ ಬ್ರೂಸ್ ಲೀ ಬಂದರು. ವೂಷ್ಯಾವನ್ನು ಕುಂಗ್ ಫೂ ಅಳತೆಯಲ್ಲಿ ಅಳೆದು 'ಅತಿಶಯೋಕ್ತಿ' ಎನ್ನುವುದೂ, ಕುಂಗ್ ಫೂ ಚಿತ್ರದಲ್ಲಿ ಹಾರಾಟವಿಲ್ಲವೆಂದು ಬೇಸರಪಡುವುದೂ ತಪ್ಪು ಎಣಿಕೆ.

ಎರಡೂ ಪ್ರಕಾರಗಳಿಗೆ ಲಯ ಕೊಟ್ಟದ್ದು ಪೀಕಿಂಗ್ ಅಪೆರಾ, ಅಂದರೆ ಹಾಡು, ಅಭಿನಯ, ಕಸರತ್ತು ಬೆರೆತ ಚೀನಾದ ಸಾಂಪ್ರದಾಯಿಕ ರಂಗಕಲೆ. ಅಲ್ಲಿ ನಟ ಒಂದು ಸರಣಿ ಚಲನೆ ಮುಗಿಸಿ ಜಾಗಟೆಯ ಏಟಿಗೆ ಸರಿಯಾಗಿ ಕಲ್ಲಿನಂತೆ ನಿಲ್ಲುತ್ತಾನೆ. ನಿಲ್ಲುವುದು, ಸಿಡಿಯುವುದು, ಮತ್ತೆ ನಿಲ್ಲುವುದು. ಹಾಂಗ್‌ಕಾಂಗ್ ಹೊಡೆದಾಟದ ತಾಳ ಇದೇ. ನಾಲ್ಕೈದು ಏಟು, ತಡೆ, ಏಟು, ಆಮೇಲೆ ಇಬ್ಬರ ಕೈಗಳೂ ಸಿಕ್ಕಿಕೊಂಡು ಅರೆಕ್ಷಣ ಸ್ತಬ್ಧ. ಆ ಅರೆಕ್ಷಣದಲ್ಲಿ ಯಾರ ಸ್ಥಿತಿ ಮೇಲಾಗಿದೆ ಎಂಬುದನ್ನು ಕಣ್ಣು ಗ್ರಹಿಸುತ್ತದೆ. ಇಲ್ಲದಿದ್ದರೆ ಎಲ್ಲವೂ ಗಲಿಬಿಲಿ. ವೂಷ್ಯಾ ನಿರ್ದೇಶಕ ಕಿಂಗ್ ಹೂ ಅವರ ಚಿತ್ರಗಳಲ್ಲಿ ಸಾಹಸ ನಿರ್ದೇಶಕರಾಗಿದ್ದ ಹಾನ್ ಯಿಂಗ್-ಚೀ ಅಪೆರಾದಲ್ಲಿ ಪಳಗಿದವರು. ಕಿಂಗ್ ಹೂ ಅವರ 'ಎ ಟಚ್ ಆಫ್ ಝೆನ್' ಚಿತ್ರದ ಬಿದಿರುಮೆಳೆಯ ಕಾಳಗ ತೆರೆಯ ಮೇಲೆ ಕೆಲವೇ ನಿಮಿಷ, ಚಿತ್ರೀಕರಣಕ್ಕೆ ಹಿಡಿದದ್ದು 25 ದಿನ. ನಟರು ಮರೆಯಲ್ಲಿಟ್ಟ ಟ್ರ್ಯಾಂಪೊಲಿನ್ ಮೇಲಿಂದ ನೆಗೆಯುತ್ತಾರೆ. ಒಂದು ಶಾಟ್‌ನಲ್ಲಿ ನೆಗೆತದ ಆರಂಭ, ಇನ್ನೊಂದರಲ್ಲಿ ಗಾಳಿಯಲ್ಲಿ ಒಂದು ತುಣುಕು, ಮೂರನೆಯದರಲ್ಲಿ ಇಳಿತ. ನಡುವಿನ ತುಣುಕು ಕೆಲವೇ ಫ್ರೇಮ್ ಇರುವುದರಿಂದ ನೋಡಿದೆವೋ ಇಲ್ಲವೋ ಎನಿಸುತ್ತದೆ, ಹಾರಿದ್ದು ಮಾತ್ರ ಖಚಿತ. 1975ರಲ್ಲಿ ಕಾನ್ ಉತ್ಸವದಲ್ಲಿ ಈ ಚಿತ್ರಕ್ಕೆ ತಾಂತ್ರಿಕ ಶ್ರೇಷ್ಠತೆಯ ದೊಡ್ಡ ಪ್ರಶಸ್ತಿ ಬಂತು.

ಕುಂಗ್ ಫೂ ಪ್ರಕಾರದ ಅತಿ ದೊಡ್ಡ ನಿರ್ದೇಶಕ ಯಾರೆಂದರೆ ನನ್ನ ಉತ್ತರ ಲಾವ್ ಕಾರ್-ಲ್ಯೂಂಗ್. ಅವರ ತಂದೆ ಲಾವ್ ಚಾಮ್ ಕಲಿತದ್ದು ಲಾಮ್ ಸಾಯ್-ವಿಂಗ್ ಅವರಲ್ಲಿ. ಲಾಮ್ ಕಲಿತದ್ದು ನಿಜವಾದ ವಾಂಗ್ ಫೇ-ಹುಂಗ್ ಅವರಲ್ಲಿ. ಅಂದರೆ ತೆರೆಯ ಮೇಲಿನ ಹುಂಗ್ ಗಾರ್ ವರಸೆಗಳು ಗುರುಪರಂಪರೆಯಿಂದಲೇ ಇಳಿದು ಬಂದವು. ಇನ್ನೊಬ್ಬ ಸಾಹಸ ನಿರ್ದೇಶಕ ಟಾಂಗ್ ಗಾಯ್ ಜೊತೆ ಸೇರಿ ವರ್ಷಗಟ್ಟಲೆ ಚಾಂಗ್ ಚೆ ಚಿತ್ರಗಳ ಹೊಡೆದಾಟ ಸಂಯೋಜಿಸಿ, 1975ರಲ್ಲಿ ತಾವೇ ನಿರ್ದೇಶಕರಾದರು. ಚಾಂಗ್ ಚೆ ಚಿತ್ರಗಳಲ್ಲಿ ರಕ್ತ, ಬಲಿದಾನ, ಹೊಟ್ಟೆ ಸೀಳಿದ ಮೇಲೂ ನಿಂತು ಹೋರಾಡುವ ವೀರ. ಲಾವ್ ಚಿತ್ರಗಳಲ್ಲಿ ಸಾವಿಗಿಂತ ಕಲಿಕೆಗೆ ಬೆಲೆ ಹೆಚ್ಚು. ಇಬ್ಬರೂ ಕೆಲಸ ಮಾಡಿದ್ದು ಒಂದೇ ಷಾ ಬ್ರದರ್ಸ್ ಸ್ಟುಡಿಯೊದಲ್ಲಿ, ಅವೇ ಅಂಗಳಗಳಲ್ಲಿ, ಅವೇ ಗೋಡೆಗಳ ಮುಂದೆ. ಆದರೂ ಹತ್ತು ನಿಮಿಷ ನೋಡಿದರೆ ಯಾರದ್ದೆಂದು ಹೇಳಬಹುದು.

1978ರ 'ದಿ 36ತ್ ಚೇಂಬರ್ ಆಫ್ ಶಾವೊಲಿನ್' ತೆಗೆದುಕೊಳ್ಳಿ. ಸುಮಾರು ಎರಡು ಗಂಟೆಯ ಚಿತ್ರದ ನಡುಭಾಗವೆಲ್ಲ ತರಬೇತಿ. ಖಳನನ್ನು ಬದಿಗಿಟ್ಟು ಇಷ್ಟು ಹೊತ್ತು ಒಬ್ಬ ಮನುಷ್ಯ ಕಲಿಯುವುದನ್ನು ತೋರಿಸಿಯೂ ಬಿಗಿ ಸಡಿಲಗೊಳ್ಳದಂತೆ ನೋಡಿಕೊಂಡದ್ದು ಸಣ್ಣ ಮಾತಲ್ಲ. ಪ್ರತಿ ಕೋಣೆಯ ಪರೀಕ್ಷೆಗೂ ಒಂದು ದೈಹಿಕ ತರ್ಕವಿದೆ. ನೀರು ಹೊರುವ ಕೋಣೆಯಲ್ಲಿ ತೋಳಿಗೆ ಚೂರಿ ಕಟ್ಟಿರುತ್ತಾರೆ. ಕೈ ಇಳಿಬಿಟ್ಟರೆ ಪಕ್ಕೆಗೆ ಚುಚ್ಚುತ್ತದೆ, ಆದ್ದರಿಂದ ಬಕೆಟ್ಟನ್ನು ಚಾಚಿದ ತೋಳಿನಲ್ಲೇ ಹಿಡಿಯಬೇಕು. ಗಂಟೆಯ ಕೋಣೆಯಲ್ಲಿ ಉದ್ದ ಕೋಲಿನ ಒಂದು ತುದಿ ಹಿಡಿದು, ಇನ್ನೊಂದು ತುದಿಯ ಭಾರದಿಂದ ಗಂಟೆ ಬಡಿಯಬೇಕು. ಒಂದು ಕಿಲೋ ಭಾರವನ್ನು ಎರಡು ಮೀಟರ್ ದೂರದಲ್ಲಿ ಎತ್ತಿ ಹಿಡಿದರೆ ಮಣಿಕಟ್ಟಿಗೆ ಬೀಳುವ ಹೊರೆ, 20 ಕಿಲೋವನ್ನು 10 ಸೆಂಟಿಮೀಟರ್ ದೂರದಲ್ಲಿ ಹಿಡಿದಷ್ಟು. ಕೋಲಿನ ತೂಕ ಬೇರೆ. ನಾಯಕ ನಟ ಗಾರ್ಡನ್ ಲ್ಯೂ ಮುಂಗೈ ನಡುಗುವುದನ್ನು ಕ್ಯಾಮೆರಾ ಬಿಡದೆ ಹಿಡಿದಿರುವುದು ಇದಕ್ಕೇ. ಕಣ್ಣಿನ ಕೋಣೆಯಲ್ಲಿ ಮುಖದ ಎರಡೂ ಬದಿ ಉರಿಯುವ ಊದುಕಡ್ಡಿ: ತಲೆ ತಿರುಗಿಸದೆ ಕಣ್ಣಷ್ಟೇ ಬೆಳಕನ್ನು ಹಿಂಬಾಲಿಸಬೇಕು. ಮುಂದೆ ನಿಜವಾದ ಹೊಡೆದಾಟದಲ್ಲಿ ಇದೇ ಮಣಿಕಟ್ಟು, ಇದೇ ಕಣ್ಣು ಕೆಲಸಕ್ಕೆ ಬರುವುದನ್ನು ನಾವು ನೋಡುತ್ತೇವೆ.

ಆ ಚಿತ್ರದ ಅತ್ಯುತ್ತಮ ಭಾಗ ಕೊನೆಯ ಕಾಳಗವಲ್ಲ. ಎರಡು ಕಿರುಗತ್ತಿ ಹಿಡಿದ ಹಿರಿಯ ಸನ್ಯಾಸಿಯ ಎದುರು ನಾಯಕ ಮತ್ತೆ ಮತ್ತೆ ಸೋಲುವ ಭಾಗ. ಕೋಲು ಉದ್ದ, ನಿಜ. ಆದರೆ ಒಂದು ಕತ್ತಿ ಕೋಲನ್ನು ತಡೆದು ಪಕ್ಕಕ್ಕೆ ಸರಿಸಿದ ಕ್ಷಣವೇ ಇನ್ನೊಂದು ಕತ್ತಿ ಒಳಗೆ ಬಂದಿರುತ್ತದೆ. ಹತ್ತಿರಕ್ಕೆ ಬಂದವನಿಗೆ ಉದ್ದ ಕೋಲಿನಿಂದ ಏನೂ ಮಾಡಲಾಗದು. ಸೋತವನು ಕೊನೆಗೆ ಸರಪಳಿಯಿಂದ ಜೋಡಿಸಿದ ಮೂರು ತುಂಡಿನ ಕೋಲು ಕಂಡುಹಿಡಿಯುತ್ತಾನೆ. ತಡೆದ ಜಾಗದಲ್ಲಿ ಅದು ನಿಲ್ಲದೆ ಮಡಚಿಕೊಂಡು ತಡೆಯ ಆಚೆಗೆ ಏಟು ಹಾಕುತ್ತದೆ, ಎದುರಾಳಿ ಒಳಗೆ ಬಂದರೆ ಎರಡು ಗಿಡ್ಡ ಕೋಲಾಗುತ್ತದೆ, ದೂರ ಹೋದರೆ ಚಾಚಿ ಉದ್ದವಾಗುತ್ತದೆ. ಸಮಸ್ಯೆ, ಸೋಲು, ಯೋಚನೆ, ಪರಿಹಾರ. ಎಲ್ಲವೂ ಮಾತಿನ ನೆರವಿಲ್ಲದೆ ಕೈಕಾಲಿನಲ್ಲೇ ನಡೆಯುತ್ತದೆ. ಈ ಚಿತ್ರಗಳಲ್ಲಿ ಕಥೆಯಿಲ್ಲ ಎನ್ನುವವರು ಈ ಹತ್ತು ನಿಮಿಷವನ್ನು ನೋಡಬೇಕು.

ಅದೇ ವರ್ಷದ 'ಹೀರೋಸ್ ಆಫ್ ದಿ ಈಸ್ಟ್' ಇನ್ನೂ ದಿಟ್ಟ. ಚೀನೀ ಗಂಡ, ಜಪಾನಿ ಹೆಂಡತಿ, ಯಾರ ವಿದ್ಯೆ ಮೇಲು ಎಂಬ ಮನೆಜಗಳ ಬೆಳೆದು ಜಪಾನಿನ ಪರಿಣತರು ಒಬ್ಬೊಬ್ಬರಾಗಿ ಬಂದು ಎದುರಾಗುತ್ತಾರೆ. ಕರಾಟೆಗೆ ಕುಡುಕನ ವರಸೆ, ಜಪಾನಿ ಈಟಿಗೆ ಚೀನೀ ಈಟಿ, ನುಂಚಾಕುವಿಗೆ ಮೂರು ತುಂಡಿನ ಕೋಲು, ಸಾಯ್ ಎಂಬ ಕವಲು ಚೂರಿಗೆ ಚಿಟ್ಟೆಗತ್ತಿ. ಒಬ್ಬರೂ ಸಾಯುವುದಿಲ್ಲ. ಜಪಾನೀಯರೆಂದರೆ ಖಳರೇ ಎಂಬ ರೂಢಿ ಗಟ್ಟಿಯಾಗಿದ್ದ ಕಾಲದಲ್ಲಿ, ಎದುರಾಳಿಯ ವಿದ್ಯೆಯನ್ನು ಇಷ್ಟು ಗೌರವದಿಂದ ತೋರಿಸಿದ ಚಿತ್ರ ಇನ್ನೊಂದಿಲ್ಲವೆಂದೇ ನನ್ನ ಅಭಿಪ್ರಾಯ. 1981ರ 'ಮಾರ್ಷಿಯಲ್ ಕ್ಲಬ್' ಕೊನೆಯಲ್ಲಿ ದಕ್ಷಿಣದ ಕೈ, ಉತ್ತರದ ಕಾಲು ಎದುರಾಗುವುದು ಮುಂದೆ ಹೋದಂತೆ ಕಿರಿದಾಗುವ ಒಂದು ಗಲ್ಲಿಯಲ್ಲಿ. ಅಗಲವಿದ್ದಾಗ ಒದೆತ ನಡೆಯುತ್ತದೆ. ಗೋಡೆ ಹತ್ತಿರವಾದಂತೆ ಕಾಲು ಚಾಚಲು ಜಾಗವಿಲ್ಲ, ಮೊಣಕೈ, ಮುಂಗೈ, ಕೊನೆಗೆ ಬೆರಳು. ನಿಲುವು ಕೂಡ ಗೋಡೆಗೆ ತಕ್ಕಂತೆ ಕಿರಿದಾಗುತ್ತದೆ. ಜಾಗವೇ ವರಸೆಯನ್ನು ಬದಲಿಸುವ ಇಂಥ ಉಪಾಯ ಹೊಳೆಯಬೇಕಾದರೆ ವಿದ್ಯೆ ಮೈಗೂಡಿರಬೇಕು.

ಬ್ರೂಸ್ ಲೀ ಬಗ್ಗೆ. ಅವರು ದೊಡ್ಡವರು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅವರ ವೇಗವನ್ನಷ್ಟೇ ಹೊಗಳುವುದು ಅರ್ಧ ಮಾತು. ಅವರ ಬಲ ಇರುವುದು ಏಟಿಗೂ ಏಟಿಗೂ ನಡುವಿನ ಬಿಡುವಿನಲ್ಲಿ. ಬೇರೆಯವರು ಹತ್ತು ಏಟು ವಿನಿಮಯ ಮಾಡಿಕೊಳ್ಳುವ ಕಡೆ ಅವರದ್ದು ಒಂದೋ ಎರಡೋ. ಉಳಿದ ಹೊತ್ತೆಲ್ಲ ಅಂತರ ಅಳೆಯುವುದು. 1972ರ 'ದಿ ವೇ ಆಫ್ ದಿ ಡ್ರಾಗನ್' ಅವರೇ ನಿರ್ದೇಶಿಸಿದ್ದು. ರೋಮ್‌ನ ಕೊಲೊಸಿಯಂನಲ್ಲಿ ಚಕ್ ನಾರಿಸ್ ಜೊತೆ ನಡೆಯುವ ಕಾಳಗದ ಬಹುಭಾಗ ಹಾಂಗ್‌ಕಾಂಗ್ ಸ್ಟುಡಿಯೊದ ಸೆಟ್‌ನಲ್ಲಿ ಚಿತ್ರಿತವಾದದ್ದು. ಮೊದಲು ಇಬ್ಬರೂ ಮೈ ಸಡಿಲಿಸಿಕೊಳ್ಳುವುದನ್ನೇ ಬಿಡಿಬಿಡಿಯಾಗಿ ತೋರಿಸುತ್ತಾರೆ. ಶುರುವಿನಲ್ಲಿ ಲೀ ಪಾದ ಊರಿ ನಿಂತು ಹೋರಾಡಿ ಏಟು ತಿನ್ನುತ್ತಾರೆ. ಆಮೇಲೆ ಹಿಮ್ಮಡಿ ನೆಲ ಬಿಡುತ್ತದೆ, ಮುಂಗಾಲಿನ ಮೇಲೆ ಕುಣಿಯುವ ನಡೆ ಬರುತ್ತದೆ, ಎದುರಾಳಿಯ ಲೆಕ್ಕ ತಪ್ಪುತ್ತದೆ. ಕಾಳಗದ ಗತಿ ತಿರುಗಿದ್ದು ಪಾದದಲ್ಲಿ. ಗೆದ್ದ ಮೇಲೆ ಸತ್ತವನ ಮೈಮೇಲೆ ಅವನದ್ದೇ ಅಂಗಿ, ಪಟ್ಟಿ ಹೊದಿಸುವ ದೃಶ್ಯವಿದೆ; ಇಡೀ ಚಿತ್ರದಲ್ಲಿ ಅದಕ್ಕಿಂತ ಗಂಭೀರವಾದದ್ದಿಲ್ಲ. ನನಗೆ ಇದು 'ಎಂಟರ್ ದಿ ಡ್ರಾಗನ್'ಗಿಂತ ಮೇಲು. ಆ ಚಿತ್ರದ ಖಳ ಶೇಕ್ ಕಿನ್ ಹುಟ್ಟಿದ್ದು 1913ರಲ್ಲಿ. ವಾಂಗ್ ಫೇ-ಹುಂಗ್ ಸರಣಿಯಲ್ಲಿ ವರ್ಷಗಟ್ಟಲೆ ಖಳನಾಗಿ ಪಳಗಿದ ಹಿರಿಯ ನಟ, ಆದರೆ ಲೀ ವೇಗಕ್ಕೆ ಸಾಟಿಯಾಗುವ ವಯಸ್ಸಲ್ಲ. ಕೊನೆಯ ಕಾಳಗ ನಡೆಯುವ ಕನ್ನಡಿಕೋಣೆ ಚೆಂದವಿದೆ, ಆದರೆ ಅಲ್ಲಿ ಕಾಳಗಕ್ಕಿಂತ ಕನ್ನಡಿಗಳದ್ದೇ ಆಟ.

1978ರ 'ಗೇಮ್ ಆಫ್ ಡೆತ್' ಚಿತ್ರವನ್ನು ಬ್ರೂಸ್ ಲೀ ಚಿತ್ರವೆಂದು ಕರೆಯುವುದನ್ನು ದಯವಿಟ್ಟು ಎಲ್ಲರೂ ನಿಲ್ಲಿಸಬೇಕು. 1973ರ ಜುಲೈ 20ರಂದು ತೀರಿಕೊಂಡವರು ಬಿಟ್ಟುಹೋದ ಕೆಲವು ನಿಮಿಷಗಳ ಕಾಳಗಕ್ಕೆ, ಹೋಲಿಕೆಯ ನಟರನ್ನಿಟ್ಟು ಬೇರೆಯದೇ ಕಥೆ ಹೊಲಿದರು. ಅವರ ನಿಜವಾದ ಅಂತ್ಯಕ್ರಿಯೆಯ ದೃಶ್ಯಗಳನ್ನೂ ಕಥೆಯೊಳಗೆ ಸೇರಿಸಿದರು. ಇದು ಅಭಿಮಾನವಲ್ಲ, ಅಗೌರವ. ಗೋಪುರದೊಳಗೆ ಡ್ಯಾನ್ ಇನೊಸಾಂಟೊ, ಜಿ ಹಾನ್-ಜೇ, ಕರೀಮ್ ಅಬ್ದುಲ್-ಜಬ್ಬಾರ್ ಎದುರಾಗುವ ಭಾಗ ಮಾತ್ರ ನೋಡತಕ್ಕದ್ದು. ಲೀ ಹೆಸರಿಗೆ ಒಂದಕ್ಷರ ಹೆಚ್ಚುಕಡಿಮೆ ಮಾಡಿಕೊಂಡ ನಟರನ್ನಿಟ್ಟು ಆ ದಶಕದಲ್ಲಿ ಹೊರಟ ಅನುಕರಣೆಗಳಂತೂ ಇಡೀ ಪ್ರಕಾರದ ಹೆಸರು ಕೆಡಿಸಿದವು.

ಹಾಸ್ಯ ಬೆರೆತ ಕುಂಗ್ ಫೂ ಎಂದರೆ ಹಗುರ ಎಂಬ ಭಾವನೆಯೂ ಸರಿಯಲ್ಲ. 1978ರಲ್ಲಿ ಯುವೆನ್ ವೂ-ಪಿಂಗ್ ನಿರ್ದೇಶಿಸಿದ 'ಡ್ರಂಕನ್ ಮಾಸ್ಟರ್'ನಲ್ಲಿ ಜಾಕಿ ಚಾನ್ ಪಾತ್ರಕ್ಕೆ ಎಂಟು ಕುಡುಕ ದೇವತೆಗಳ ವರಸೆ ಕಲಿಸುತ್ತಾರೆ. ಎಂಟನೆಯದು ಹೆಣ್ಣು ದೇವತೆಯದು. ನಾಚಿಕೆಯೆಂದು ಹುಡುಗ ಅದನ್ನು ಅಭ್ಯಾಸ ಮಾಡುವುದಿಲ್ಲ. ಕೊನೆಯ ಕಾಳಗದಲ್ಲಿ ಕೊರಿಯಾದ ಒದೆತದ ಪ್ರವೀಣ ಹ್ವಾಂಗ್ ಜಾಂಗ್-ಲೀ ಎದುರು ಏಳೂ ಮುಗಿದ ಮೇಲೆ ಬೇಕಾಗುವುದು ಅದೇ ಎಂಟನೆಯದು, ಅದನ್ನವನು ನಿಂತಲ್ಲೇ ಕಟ್ಟಿಕೊಳ್ಳಬೇಕು. ನಗು ಬರಿಸುವುದೂ ಅದೇ, ಗೆಲ್ಲಿಸುವುದೂ ಅದೇ. ತೂರಾಟದ ತಿರುಳು ಏನೆಂದರೆ ಮೈಭಾರ ಎತ್ತ ಬೀಳುತ್ತದೆಂದು ಎದುರಾಳಿಗೆ ಗೊತ್ತಾಗಬಾರದು. ಬೀಳುತ್ತಿರುವಂತೆ ಕಂಡರೂ ಹಿಡಿತವಿರುತ್ತದೆ, ಮತ್ತು ಆ ಹಿಡಿತ ಇರುವುದು ತೊಡೆ, ಸೊಂಟಗಳಲ್ಲಿ. ಬರೀ ತಲೆ ತೂಗಾಡಿಸುವ ನಕಲಿ ಕುಡುಕರನ್ನು ಇದರಿಂದಲೇ ಬೇರ್ಪಡಿಸಬಹುದು.

ಸ್ಯಾಮೊ ಹುಂಗ್ ಅವರ 'ದಿ ಪ್ರಾಡಿಗಲ್ ಸನ್' 1981ರದ್ದು, ವಿಂಗ್ ಚುನ್ ತೋರಿಸಿದ ಚಿತ್ರಗಳಲ್ಲೇ ಶ್ರೇಷ್ಠ. ಸಿರಿವಂತ ತಂದೆ ಎದುರಾಳಿಗಳಿಗೆ ದುಡ್ಡು ಕೊಟ್ಟು ಮಗನನ್ನು ಗೆಲ್ಲಿಸುತ್ತಿರುತ್ತಾನೆ; ನಿಜ ಗೊತ್ತಾದ ಮೇಲೆ ಯುವೆನ್ ಬಿಯಾವ್ ಪಾತ್ರ ಕಲಿಯಲು ಹೋಗುವುದು ಅಪೆರಾದಲ್ಲಿ ಸ್ತ್ರೀವೇಷ ಮಾಡುವ ಗುರುವಿನ ಬಳಿ. ಲಾಮ್ ಚಿಂಗ್-ಯಿಂಗ್ ಆ ಗುರು. ಗುರುವಿಗೆ ಉಬ್ಬಸ. ಸಮಬಲದ ಎದುರಾಳಿಯೊಡನೆ ಕಾಳಗ ಏರುತ್ತಿರುವಾಗಲೇ ಉಸಿರು ಕಟ್ಟುತ್ತದೆ, ಅದನ್ನರಿತ ಎದುರಾಳಿ ಕೈ ತಡೆಯುತ್ತಾನೆ. ಕಾಳಗವೊಂದು ಉಸಿರಿನ ಕಾರಣಕ್ಕೆ ನಿಂತದ್ದು, ಗೆಲ್ಲಬಹುದಾಗಿದ್ದವನು ಗೆಲುವನ್ನು ಬೇಡವೆಂದದ್ದು ಈ ಪ್ರಕಾರದಲ್ಲಿ ಅಪರೂಪ. ಮಹಿಳೆಯರ ಹೆಸರು ಬಿಟ್ಟರೂ ತಪ್ಪಾಗುತ್ತದೆ: 'ಕಮ್ ಡ್ರಿಂಕ್ ವಿತ್ ಮಿ'ಯ ಚೆಂಗ್ ಪೇ-ಪೇ ನೃತ್ಯ ಕಲಿತವರು, ಏಂಜೆಲಾ ಮಾವ್ ಅಪೆರಾ ಶಾಲೆಯವರು, 'ಮೈ ಯಂಗ್ ಆಂಟಿ'ಯ ಕಾರಾ ಹುಯಿ 1982ರ ಮೊದಲ ಹಾಂಗ್‌ಕಾಂಗ್ ಚಲನಚಿತ್ರ ಪ್ರಶಸ್ತಿಯಲ್ಲಿ ಶ್ರೇಷ್ಠ ನಟಿ. ಹೊಡೆದಾಟದ ಪಾತ್ರಕ್ಕೆ ಆ ಗೌರವ ಬಂದದ್ದನ್ನು ನೆನೆಯಬೇಕು.

ಈಗ ವೇಗದ ಪ್ರಶ್ನೆ. 'ಫಾಸ್ಟ್ ಮಾಡಿದ್ದಾರೆ' ಎಂಬ ಆಕ್ಷೇಪ ಸುಳ್ಳಲ್ಲ, ಆದರೆ ಅಳತೆ ತಿಳಿದು ಹೇಳಬೇಕು. ತೆರೆಯ ಮೇಲೆ ಚಿತ್ರ ಓಡುವುದು ಸೆಕೆಂಡಿಗೆ 24 ಫ್ರೇಮ್. ಚಿತ್ರೀಕರಣದಲ್ಲಿ ಕ್ಯಾಮೆರಾವನ್ನು 22ಕ್ಕೆ ಇಳಿಸಿದರೆ ಚಲನೆ ಶೇ 9ರಷ್ಟು ಚುರುಕು. ಕಣ್ಣಿಗೆ ಗೊತ್ತೇ ಆಗದು. 20ಕ್ಕೆ ಇಳಿಸಿದರೆ ಆರು ಸೆಕೆಂಡಿನ ಕಾಳಗ ಐದು ಸೆಕೆಂಡಿಗೆ ಮುಗಿಯುತ್ತದೆ. 18ಕ್ಕೆ ಇಳಿದರೆ ಮೂರರಲ್ಲಿ ಒಂದು ಪಾಲು ಹೆಚ್ಚು ವೇಗ, ಗೊಂಬೆಯಾಟ. ಕಂಡುಹಿಡಿಯಲು ನಟರ ಕೈ ನೋಡಬೇಡಿ, ಕೈ ನಿಜಕ್ಕೂ ವೇಗವಾಗಿರಬಹುದು. ಬೀಳುವ ವಸ್ತುಗಳನ್ನು ನೋಡಿ. ಹಾರಿದ ಅಂಗಿಯ ಸೆರಗು ಇಳಿಯುವ ರೀತಿ, ಏಟಿಗೆ ಎದ್ದ ಧೂಳು ಕೂರುವ ರೀತಿ, ಚೆಲ್ಲಿದ ನೀರು. ಗುರುತ್ವ ಯಾರಿಗೂ ರಿಯಾಯಿತಿ ಕೊಡದು. ಅವು ಅವಸರದಿಂದ ಬಿದ್ದರೆ ಕ್ಯಾಮೆರಾ ನಿಧಾನಿಸಿದ್ದು ಖಚಿತ. ಧೂಳಿನ ಇನ್ನೊಂದು ವಿಷಯ: ಏಟು ಬೀಳುವ ಜಾಗದ ಬಟ್ಟೆಗೆ ನುಣ್ಣನೆಯ ಪುಡಿ ಹಾಕಿರುತ್ತಾರೆ. ಏಟು ಮುಟ್ಟಿದರೆ ಮಾತ್ರ ಅದು ಎದ್ದು ಕಾಣುತ್ತದೆ. ಮುಟ್ಟದ ಏಟನ್ನು ಮುಟ್ಟಿದಂತೆ ತೋರಿಸಲು ಕ್ಯಾಮೆರಾವನ್ನು ಮುಷ್ಟಿ ಮತ್ತು ಮುಖ ಒಂದೇ ಗೆರೆಯಲ್ಲಿ ಬರುವಂತೆ ಇಡುತ್ತಾರೆ. ಅಲ್ಲಿ ತಪ್ಪು ಆಗುವುದು ಸಾಮಾನ್ಯವಾಗಿ ತಿನ್ನುವವನಿಂದ, ಏಟು ಬರುವ ಮೊದಲೇ ತಲೆ ತಿರುಗಿಸಿಬಿಡುತ್ತಾನೆ.

ಹಾಂಗ್‌ಕಾಂಗ್‌ನವರು ಹೊಡೆದಾಟವನ್ನು ಇಡಿಯಾಗಿ ಮೂರು ನಾಲ್ಕು ಕ್ಯಾಮೆರಾಗಳಲ್ಲಿ ತೆಗೆದು ಆಮೇಲೆ ಕತ್ತರಿಸುತ್ತಿರಲಿಲ್ಲ. ಒಂದು ಶಾಟ್ ತೆಗೆದು, ಅದು ಯಾವ ಭಂಗಿಯಲ್ಲಿ ಮುಗಿಯಿತೋ ಅಲ್ಲಿಂದ ಮುಂದಿನದನ್ನು ರೂಪಿಸುತ್ತಿದ್ದರು. ಆದ್ದರಿಂದ ಪ್ರತಿ ಶಾಟ್‌ಗೂ ಕ್ಯಾಮೆರಾ ಇರಬೇಕಾದ ಜಾಗದಲ್ಲೇ ಇರುತ್ತದೆ. ಮುಖ್ಯ ಏಟಿನಲ್ಲಿ ಎರಡನೆಯ ಶಾಟ್ ಕೆಲವು ಫ್ರೇಮ್ ಹಿಂದಿನಿಂದ ಶುರುವಾಗಿ ಚಲನೆ ತುಸು ಮರುಕಳಿಸುತ್ತದೆ. ಅದು ಸಂಕಲನದ ದೋಷವಲ್ಲ, ಏಟಿಗೆ ಕೊಟ್ಟ ಒತ್ತು. ಈಗಿನ ಎಷ್ಟೋ ಸಾಹಸ ಚಿತ್ರಗಳಲ್ಲಿ ಅಲುಗುವ ಕ್ಯಾಮೆರಾ, ಅರೆ ಸೆಕೆಂಡಿಗೊಂದು ಕತ್ತರಿ ಇರುವುದು ನಟರಿಗೆ ವಿದ್ಯೆ ಬಾರದಿರುವುದನ್ನು ಮುಚ್ಚಲು.

ತಂತಿ ಕಟ್ಟಿ ಎತ್ತುವುದರ ವಿರೋಧಿ ನಾನಲ್ಲ. 1991ರ 'ಒನ್ಸ್ ಅಪಾನ್ ಎ ಟೈಮ್ ಇನ್ ಚೈನಾ'ದ ಏಣಿಗಳ ಕಾಳಗದಲ್ಲಿ ಏಣಿ ಏತದಂತೆ ತೂಗುವಾಗ ಮೈಭಾರದ ಲೆಕ್ಕ ಕಣ್ಣಿಗೆ ಕಾಣುತ್ತದೆ, ಅಲ್ಲಿಯವರೆಗೆ ಅದ್ಭುತ. ಕಾಲಿಗೆ ಆಸರೆಯೇ ಇಲ್ಲದೆ ತೇಲುವ ಕಡೆ ನನ್ನ ಆಸಕ್ತಿ ಇಳಿಯುತ್ತದೆ. ಗಾಯಗೊಂಡ ನಾಯಕ ನಟ ಜೆಟ್ ಲೀ ಬದಲು ಆ ದೃಶ್ಯದ ಎಷ್ಟೋ ಶಾಟ್‌ಗಳಲ್ಲಿ ಇದ್ದದ್ದು ಹುಂಗ್ ಯಾನ್-ಯಾನ್. ಮುಖ ಕಾಣದ ಶಾಟ್ ಬಂದಾಗಲೆಲ್ಲ ಆ ಹೆಸರನ್ನೂ ನೆನೆಯಬೇಕು. ಜೆಟ್ ಲೀ ನಿಜವಾಗಿ ನೆಲದ ಮೇಲೆ ಏನೆಂದು ತಿಳಿಯಬೇಕಾದವರಿಗೆ 1994ರ 'ಫಿಸ್ಟ್ ಆಫ್ ಲೆಜೆಂಡ್' ಇದೆ.

ದೂರುಗಳ ದೊಡ್ಡ ಪಾಲು ಚಿತ್ರಕ್ಕೆ ಸೇರಿದ್ದೇ ಅಲ್ಲ, ಹಾಳಾದ ಪ್ರತಿಗೆ ಸೇರಿದ್ದು. ಷಾ ಬ್ರದರ್ಸ್ ಅಗಲತೆರೆಯ ಚಿತ್ರಗಳಲ್ಲಿ ಅಗಲಕ್ಕೂ ಎತ್ತರಕ್ಕೂ ಇರುವ ಅನುಪಾತ 2.35ಕ್ಕೆ 1. ಹಳೆಯ ಟಿವಿಯ ಚೌಕಕ್ಕೆ ತುಂಬಲು ಅದನ್ನು 1.33ಕ್ಕೆ ಕತ್ತರಿಸಿದರೆ ಶೇ 43ರಷ್ಟು ಚಿತ್ರ ಹೋಯಿತು. ಈಟಿ ಹಿಡಿದವನು ಒಂದು ತುದಿ, ಎದುರಾಳಿ ಇನ್ನೊಂದು ತುದಿ. ಮಧ್ಯದಲ್ಲಿ ಉಳಿದದ್ದು ಈಟಿ ಮಾತ್ರ. ಹೆಸರುಗಳು ಬರುವಾಗ ಎಲ್ಲರೂ ಸಣಕಲಾಗಿ, ಉದ್ದವಾಗಿ ಕಂಡು, ಹೆಸರು ಮುಗಿದ ಕೂಡಲೇ ಸರಿಯಾದರೆ ಅದು ಕತ್ತರಿಸಿದ ಪ್ರತಿ. ಇಡೀ ಚಿತ್ರದಲ್ಲಿ ಅಂಗಳದ ದುಂಡನೆಯ ಬಾಗಿಲು, ನಗಾರಿ ಮೊಟ್ಟೆಯಾಕಾರ ಕಂಡರೆ ಅನುಪಾತ ತಪ್ಪಿದೆ. ಸೆಕೆಂಡಿಗೆ 25 ಫ್ರೇಮ್‌ನ ಟಿವಿ ಪದ್ಧತಿಗೆ ಹೊಂದಿಸಿದ ಹಳೆಯ ಪ್ರತಿಗಳಲ್ಲಿ 100 ನಿಮಿಷದ ಚಿತ್ರ 96 ನಿಮಿಷಕ್ಕೆ ಮುಗಿಯುತ್ತದೆ, ದನಿಯೂ ತುಸು ಏರುತ್ತದೆ. ಮೊದಲೇ 22ರಲ್ಲಿ ತೆಗೆದ ಕಾಳಗಕ್ಕೆ ಇದೂ ಸೇರಿದರೆ ವೇಗ ಶೇ 14ರ ಹತ್ತಿರ. ಈಗಿನ ಟಿವಿಗಳಲ್ಲಿ ಚಲನೆಯನ್ನು ನುಣುಪಾಗಿಸುವ ಸೌಲಭ್ಯವಿರುತ್ತದೆ; ಅದು ಎರಡು ಫ್ರೇಮ್‌ಗಳ ನಡುವೆ ಇಲ್ಲದ ಫ್ರೇಮ್‌ಗಳನ್ನು ತಾನೇ ಹುಟ್ಟಿಸುತ್ತದೆ. ನಿಂತು ಸಿಡಿಯುವ ಲಯಕ್ಕೆ ಇದಕ್ಕಿಂತ ದೊಡ್ಡ ಶತ್ರುವಿಲ್ಲ. ಮೊದಲು ಅದನ್ನು ಆಫ್ ಮಾಡಬೇಕು.

ಮಾತಿನ ವಿಷಯದಲ್ಲಿ ಒಂದು ಸಂಗತಿ ತಿಳಿದಿರಲಿ. ಆ ಕಾಲದ ಚಿತ್ರಗಳನ್ನು ದನಿಯಿಲ್ಲದೆ ಚಿತ್ರಿಸಿ, ಎಲ್ಲ ಭಾಷೆಗಳ ಮಾತನ್ನೂ, ಮೂಲ ಮ್ಯಾಂಡರಿನ್ನನ್ನೂ ಸೇರಿಸಿ, ಆಮೇಲೆ ಕೂರಿಸುತ್ತಿದ್ದರು. ತುಟಿ ಹೊಂದುವುದಿಲ್ಲ ಎಂಬುದು ಮೂಲದಲ್ಲೂ ಅಲ್ಪಸ್ವಲ್ಪ ಇದ್ದದ್ದೇ. ಇಂಗ್ಲಿಷ್ ಡಬ್ಬಿಂಗ್‌ನಲ್ಲಿ ತುಟಿಯ ಚಲನೆಗೆ ಸರಿಹೊಂದಿಸಲು ಅರ್ಥವಿಲ್ಲದ ಪದ ತುರುಕಿ ವಾಕ್ಯ ಎಳೆದರು, ಪಾತ್ರಗಳ ಗೌರವ ಹೋಯಿತು. ಗುರುಶಿಷ್ಯರ ನಡುವಿನ ಸಂಬೋಧನೆಗಳು, ಹಿರಿಯ ಸಹಪಾಠಿ, ಕಿರಿಯ ಸಹಪಾಠಿ ಎಂಬ ಸಂಬಂಧದ ಹೆಸರುಗಳು ಅಳಿಸಿಹೋದವು. ಆ ಸಂಬಂಧಗಳೇ ಕಥೆಯ ಗಂಟು. ಅವು ಹೋದ ಮೇಲೆ ಕಥೆಯಿಲ್ಲ ಎಂದು ದೂರಿದರೆ ಏನು ಹೇಳೋಣ? ಸಬ್‌ಟೈಟಲ್ ಇರುವ ಮೂಲ ಭಾಷೆಯ ಪ್ರತಿಯೇ ಆಗಬೇಕು. 2000ದ ದಶಕದಲ್ಲಿ ಷಾ ಸಂಗ್ರಹ ಶುಚಿಗೊಂಡು ಮತ್ತೆ ಬಂದಾಗ ಚಿತ್ರವೇನೋ ಹೊಳೆಯಿತು, ಆದರೆ ಕೆಲವು ಪ್ರತಿಗಳಲ್ಲಿ ಹಳೆಯ ಏಟಿನ ಸದ್ದು ತೆಗೆದು ಹೊಸದನ್ನು ಹಾಕಿದರು. ಮೂಲ ಮೊನೊ ದನಿ (ಒಂದೇ ಧ್ವನಿಪಥದ ಹಳೆಯ ದನಿ) ಆರಿಸಲು ಅವಕಾಶವಿದ್ದರೆ ಅದನ್ನೇ ಆರಿಸಬೇಕು. ತೋಳಿನ ಬಟ್ಟೆ ಬೀಸುವ ಆ ಸದ್ದೂ ತಾಳದ ಭಾಗ.

ಕೊನೆಯದಾಗಿ ತಮ್ಮ ಪತ್ರಿಕೆಗೆ ಎರಡು ವಿನಂತಿ. ಈ ಚಿತ್ರಗಳ ಬಗ್ಗೆ ಬರೆಯುವಾಗ ನಿರ್ದೇಶಕರ ಪಕ್ಕದಲ್ಲಿ ಸಾಹಸ ನಿರ್ದೇಶಕರ ಹೆಸರನ್ನೂ ಹಾಕಿ; ಚಿತ್ರದ ಆರಂಭದಲ್ಲೇ ಆ ಹೆಸರು ತೆರೆಯ ಮೇಲೆ ಇರುತ್ತದೆ. ಇನ್ನೊಂದು, ಹಾಂಗ್‌ಕಾಂಗ್ ಹೆಸರುಗಳಿಗೆ ಅಲ್ಲಿನ ಆಡುಮಾತಾದ ಕ್ಯಾಂಟನೀಸ್ ಉಚ್ಚಾರವೊಂದು, ಮ್ಯಾಂಡರಿನ್ ಉಚ್ಚಾರವೊಂದು. ಲಾವ್ ಕಾರ್-ಲ್ಯೂಂಗ್ ಮತ್ತು ಲ್ಯೂ ಚಿಯಾ-ಲಿಯಾಂಗ್ ಒಬ್ಬರೇ. ಗಾರ್ಡನ್ ಲ್ಯೂ, ಲಾವ್ ಕಾರ್-ಫಾಯ್ ಕೂಡ ಒಬ್ಬರೇ, ಮತ್ತು ಅವರು ಲಾವ್ ಮನೆತನಕ್ಕೆ ದತ್ತುಮಗನಾಗಿ ಬಂದವರು. ಒಬ್ಬರನ್ನು ಇಬ್ಬರೆಂದು ಎಣಿಸಿ ಬರೆದರೆ ಅವರ ಜೀವಮಾನದ ಕೆಲಸ ಅರ್ಧರ್ಧ ಹಂಚಿಹೋಗುತ್ತದೆ. ಒಂದು ಉಚ್ಚಾರ ಆರಿಸಿಕೊಂಡು ಕೊನೆಯವರೆಗೂ ಅದನ್ನೇ ಬಳಸಿ.

ಇತಿ,
ತಮ್ಮ ಓದುಗ